ಮಾವನವರ ಗಡಿಗೆ

ನಾನು ಆಂಧ್ರದ ಆದವಾನಿಗೆ ಸೊಸೆಯಾಗಿ ಬಂದಾಗ ನಮ್ಮ ಕ್ರೈಸ್ತ ಸಭೆಗೆ ಸ್ವಂತ ಸೂರಿರಲಿಲ್ಲ. ಎಪ್ಪತ್ತರ ದಶಕದ ಮಾತು. ಹತ್ತಿ ಬಿಡಿಸುವ ಜಿನ್ನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಏಳೆಂಟು ಮನೆಯವರು ಚಾಪೆ ಹಾಸಿ ಕೂರುತ್ತಿದ್ದೆವು. ಹಾಡು ತೆಲುಗಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡರಲ್ಲೂ. ಆಮೆನ್ ಹೇಳಿ ಎದ್ದಾಗ ಎಲ್ಲರ ತಲೆಯ ಮೇಲೂ ಹತ್ತಿಯ ಎಳೆ ಕೂತಿರುತ್ತಿತ್ತು.

ಆ ಸಭೆಗೆ ಗೋಡೆ ಎಬ್ಬಿಸಿದ್ದು ಹೆಂಗಸರ ಹಿಡಿ ಜೋಳ. ಅಡುಗೆಗೆ ತೆಗೆದುಕೊಂಡ ಜೋಳದಲ್ಲಿ ಒಂದು ಹಿಡಿ ದೇವರಿಗೆಂದು ಎತ್ತಿಟ್ಟು, ಭಾನುವಾರ ತಂದು ಬಾಗಿಲ ಬಳಿಯ ಗಡಿಗೆಗೆ ಸುರಿಯುವುದು ನಮ್ಮ ಪದ್ಧತಿ. ಬಾರದವರ ಮನೆಗೆ ನಮ್ಮತ್ತೆ ಶನಿವಾರ ತಾವೇ ಗಡಿಗೆ ಹೊತ್ತು ಹೋಗುತ್ತಿದ್ದರು. ಆ ಜೋಳ ಮಾರಿ ಕಲ್ಲು ಬಂತು, ಮೇಲೆ ಚಪ್ಪಡಿ ಬಂತು. ಕೆಲ ವರ್ಷಗಳಲ್ಲಿ ಕೌತಾಳಂ ಕಡೆಯ ಹಳ್ಳಿಗಳಿಂದಲೂ ಬೆಳಗಿನ ಬಸ್ಸಿಗೆ ಜನ ಬರತೊಡಗಿದರು.

ಸಭೆ ಬೆಳೆಯಿತು, ಇನ್ನೊಬ್ಬ ಹಿರಿಯರು ಬೇಕಾದರು. ನಮ್ಮದು ಪ್ರೆಸ್ಬಿಟೇರಿಯನ್ ಪದ್ಧತಿ. ಪಾಸ್ಟರ ಜೊತೆ ಕೂತು ಸಭೆ ನಡೆಸುವ ಹಿರಿಯರನ್ನು ಸಭೆಯವರೇ ಆರಿಸಬೇಕು. ಒಂದು ಸ್ಥಾನಕ್ಕೆ ಇಬ್ಬರು ನಿಂತರು: ಒಬ್ಬರು ಟೇಲರು, ಇನ್ನೊಬ್ಬರು ಹತ್ತಿ ಒತ್ತುವ ಪ್ರೆಸ್ಸಿನಲ್ಲಿ ಮೂಟೆ ಕಟ್ಟಿಸುವ ಮೇಸ್ತ್ರಿ, ನಮ್ಮ ಮಾವ. ಹಿರಿಯನಾಗುವ ಆಸೆ ಮಾವನಿಗೆ ಎಷ್ಟಿತ್ತೆಂದರೆ, ಬಿಳಿ ಅಂಗಿಯನ್ನು ಎರಡು ವಾರ ಮೊದಲೇ ಇಸ್ತ್ರಿ ಮಾಡಿಸಿ ಗೂಟಕ್ಕೆ ಹಾಕಿದ್ದರು. ಅದರ ಹತ್ತಿರ ನಾನು ಒಗ್ಗರಣೆ ಹಾಕುವ ಹಾಗಿರಲಿಲ್ಲ.

ಸಭೆಯಲ್ಲಿ ಓದು ಬಾರದವರೇ ಹೆಚ್ಚು. ಆದ್ದರಿಂದ ಆರಾಧನೆ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದೇ ಒಂದು ಜೋಳದ ಕಾಳನ್ನು ತಮಗೆ ಬೇಕಾದವರ ಗಡಿಗೆಗೆ ಹಾಕಲಿ ಎಂದರು ಪಾಸ್ಟರು. ಗಡಿಗೆ ಇಡುವ ಕೆಲಸ ನನ್ನ ಪಾಲಿಗೆ ಬಂತು. ಮಾವನ ಮನಸ್ಸು ಗೆಲ್ಲಲು ನಾನು ಮಹಾ ಜಾಣತನ ಮಾಡಿದೆ. ಬಾಗಿಲ ಬಳಿಯ ಎಂದಿನ ಗಡಿಗೆಯನ್ನು ಒಳಗೆ ಸರಿಸಿ, ಎಲ್ಲರ ಕಣ್ಣಿಗೆ ಬೀಳುವ ಆ ಜಾಗದಲ್ಲೇ ಮಾವನದನ್ನು ಇಟ್ಟೆ. ಟೇಲರದನ್ನು ಮೂಲೆಯ ಕಿಟಕಿ ಕೆಳಗೆ.

ಒಳಬಂದ ಹೆಂಗಸರೆಲ್ಲ ತಲೆಗೆ ಸೆರಗೆಳೆದುಕೊಂಡು, ರೂಢಿಯಂತೆ ತಮ್ಮ ಹಿಡಿ ಜೋಳವನ್ನು ಮಾವನ ಗಡಿಗೆಗೆ ಸುರಿದು ಹೋಗಿದ್ದರು. ಆರಾಧನೆಯಾಗಿ, ಕಾಳು ಹಾಕುವುದೂ ಮುಗಿದು ನೋಡಿದರೆ ಅದು ಕತ್ತಿನವರೆಗೆ ತುಂಬಿತ್ತು. ಟೇಲರ ಗಡಿಗೆಯಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಪಾಪ, ಆ ಸುಖ ಒಂದು ನಿಮಿಷವೂ ದಕ್ಕಲಿಲ್ಲ. ಮೊದಲು ಪಾಸ್ಟರೇ ನಕ್ಕರು, ಆಮೇಲೆ ಇಡೀ ಸಭೆ ನಕ್ಕಿತು. ನಾನು ಕಂಬದ ಹಿಂದೆ ಸರಿದು ನಿಂತೆ.

ಕೈ ಎತ್ತಿಸಿ ಮತ್ತೆ ಎಣಿಸಿದರು. ಟೇಲರು ಗೆದ್ದರು. ಮಾವ ಮನೆಗೆ ಬಂದು ಅಂಗಿ ಕಳಚಿ, ಗೋಡೆಗೆ ಮುಖ ಮಾಡಿ ಮಲಗಿದರು. ನನ್ನನ್ನು ಬೈದಿದ್ದರಾದರೂ ಚೆನ್ನಾಗಿತ್ತು, ಬೈಯಲಿಲ್ಲ.

ಮುಂದಿನ ಶನಿವಾರ ಅತ್ತೆಗೆ ಮೊಣಕಾಲು ಹಿಡಿದುಕೊಂಡಿತು. ಮಾವ ಎದ್ದು, ಬಿಳಿ ಅಂಗಿ ತೊಟ್ಟು, ಗಡಿಗೆ ಹೆಗಲಿಗೇರಿಸಿದರು. ಅದು ಹೆಂಗಸರ ಕೆಲಸ, ನಿಮಗೇಕೆ ಎಂದು ಅತ್ತೆ ತಡೆದರು.

"ಎಲ್ಲಾರೂ ನನ್ನ ಗಡಿಗಿಗೇ ಹಾಕ್ಯಾರಲ್ಲ, ನಾನ ಹೋಗತೀನಿ" ಎಂದು ಮಾವ ಹೊರಟೇಬಿಟ್ಟರು.

ಅಂದಿನಿಂದ ಪ್ರತಿ ಶನಿವಾರ ಅದೇ ಕೆಲಸ. ಮನೆಮನೆಯಲ್ಲಿ ಕೂತು ಮಜ್ಜಿಗೆ ಕುಡಿದು, ಹಾಸಿಗೆ ಹಿಡಿದವರನ್ನು ಮಾತಾಡಿಸಿ, ಮುನಿಸಿಕೊಂಡು ಸಭೆ ಬಿಟ್ಟವರನ್ನು ಭಾನುವಾರಕ್ಕೆ ಕರೆತರುತ್ತಿದ್ದರು. ಒಳಗೆ ಜನ ಹಿಡಿಸದೆ ಮುಂದೆ ವರಾಂಡ ಕಟ್ಟಬೇಕಾಯಿತು.

ಕೆಲ ವರ್ಷಗಳಿಗೆ ಮತ್ತೆ ಆಯ್ಕೆ ಬಂದಾಗ ಟೇಲರೇ ಎದ್ದು ಮಾವನ ಹೆಸರು ಹೇಳಿದರು. ಎದುರು ನಿಲ್ಲುವವರು ಯಾರೂ ಇರಲಿಲ್ಲ.

"ಗಡಿಗಿ ಯಾರಿಗೆ ಕೊಡ್ತೀರಿ?" ಎಂದು ಮಾವ ಕೂತಲ್ಲಿಂದಲೇ ಕೇಳಿದರು.

ಹಿರಿಯರಿಗೆ ಬೇರೆ ಕೆಲಸಗಳಿರುತ್ತವೆ, ಗಡಿಗೆಯನ್ನು ಇನ್ನೊಬ್ಬರು ಹೊರುತ್ತಾರೆ ಎಂದು ಪಾಸ್ಟರು ತಿಳಿಹೇಳಿದರು.

"ಹಂಗಾರ ಬ್ಯಾಡ ಬಿಡ್ರಿ" ಎಂದರು ಮಾವ.

ಆ ದಿನವೂ ಅವರು ತೊಟ್ಟಿದ್ದು ಅದೇ ಬಿಳಿ ಅಂಗಿ. ಹೆಗಲ ಮೇಲೆ ಗಡಿಗೆಯ ಕೆಂಪು ಕಲೆಯಿತ್ತು, ನಾನು ಎಷ್ಟು ತಿಕ್ಕಿ ಒಗೆದರೂ ಹೋಗಿರಲಿಲ್ಲ.