ಮೌಶಿಯ ನಿದ್ದೆಗೆ ನನ್ನ ಉತ್ತರ

ಗೆಳೆಯರೇ, ಇವತ್ತು ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರು, ನಾನು ಇಬ್ಬರೂ ಬೈಸಿಕೊಂಡೆವು. ಬೈದವಳು ಡಾಬಕಾ ಹಳ್ಳಿಯ ನಮ್ಮ ಮೌಶಿ, ಅಮ್ಮನ ತಂಗಿ.

ಬರಗಾಲದಲ್ಲಿ ಊರು ಬಿಟ್ಟು ಪುಣೆಯಲ್ಲಿ ಕಟ್ಟಡ ಕೆಲಸ ಮಾಡಿ ಬಂದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಮನೋವೈದ್ಯರ ಹೆಸರೆತ್ತಿದರೆ, "ಮೊದಲೇ ನಮ್ಮ ಬೌದ್ಧರ ಓಣಿ ಅಂದ್ರ ಮಂದಿ ಮೂಗು ಮುರೀತಾರ. ಅದರಾಗ ಹುಚ್ಚಿ ಅನ್ನಿಸ್ಕೊಳ್ಳಲೇನು?" ಅನ್ನುತ್ತಿದ್ದಳು. ವರ್ಷವಿಡೀ ಗೋಗರೆದ ಮೇಲೆ ಇವತ್ತು ಬಂದಳು.

ಡಾಕ್ಟರು ಮೈಸೂರು ಕಡೆಯ ಹುಡುಗ. ಮೌಶಿಯ ಮರಾಠಿ ಬೆರೆತ ಕನ್ನಡ ತಿಳಿಯದೆ ನನ್ನನ್ನೇ ಕೇಳಿದರು, "ಇವರಿಗೆ ನಿದ್ದೆ ಬರುತ್ತಾ?" ನಾನು ಟೀಚರು ನೋಡಿ, ಪಟಪಟನೆ ಉತ್ತರ ಹೇಳುತ್ತಾ ಹೋದೆ.

ಮೌಶಿ ಸೆರಗು ಸರಿಮಾಡಿಕೊಂಡಳು. "ನಿದ್ದಿ ಹೋಗಿದ್ದು ನಂದ್ರಿ. ಆಕಿಗಿ ಯಾಕ ಕೇಳ್ತೀರಿ? ನೀ ಯಾಕ ಹೇಳ್ತಿ?"

ಡಾಕ್ಟರು ನಾಚಿ ಕುರ್ಚಿಯನ್ನು ಅವಳತ್ತ ತಿರುಗಿಸಿದರು. "ತಪ್ಪಾಯ್ತಮ್ಮ, ನಿಧಾನವಾಗಿ ಹೇಳಿ."

"ಪುಣೆದಾಗ ನಮ್ಮ ತಗಡಿನ ಶೆಡ್ಡಿಗಿ ಬಾಗಿಲ ಇದ್ದಿಲ್ರಿ. ಮಗಳು ಮಲಗಿದ್ರ ನಾ ಕಾಯ್ತಾ ಕೂಡ್ತಿದ್ದೆ. ಈಗ ಆಕಿ ಲಗ್ನ ಆಗಿ ಹೋಗ್ಯಾಳ. ಕಣ್ಣು ಮಾತ್ರ ಇನ್ನೂ ಕಾಯ್ತಾವ."

ಈ ಮಾತು ನನಗೆ ಗೊತ್ತೇ ಇರಲಿಲ್ಲ. ನಾನೂ ಎಂದೂ ಅವಳನ್ನು ಕೇಳಿರಲಿಲ್ಲ.

ಡಾಕ್ಟರು ಅರ್ಧಗಂಟೆ ಕೇಳಿಸಿಕೊಂಡರು. ತಿಳಿಯದ ಮಾತನ್ನು ಅವಳಿಂದಲೇ ಮತ್ತೆ ಹೇಳಿಸಿದರು. ಗುಳಿಗೆ ಬರೆದು, ಹದಿನೈದು ದಿನ ಬಿಟ್ಟು ಬರಲು ಹೇಳಿದರು.

ಹೊರಗೆ ಬಂದು ಮೌಶಿ ನನ್ನ ಕೈ ಹಿಡಿದುಕೊಂಡಳು. "ಹುಡುಗ ಚಲೋ ಅದಾನ. ಮತ್ತ ಬರ್ತೇನಿ. ಖರೆ ನೀ ಮಾತ್ರ ಹೊರಗ ಕೂಡು."