ಹುಳ ಬಿದ್ದಿತ್ತು ಅಂದವಳು

ಅತ್ತಿಯ ಮುಖದಲ್ಲಿ ಎಡಗಣ್ಣು ಇರಲಿಲ್ಲ. ಕಣ್ಣಿದ್ದ ಜಾಗದಲ್ಲಿ ರೆಪ್ಪೆಗಳು ಒಳಕ್ಕೆ ಎಳೆದುಕೊಂಡು, ಬಾಯಿ ಹೊಲಿದ ಗೋಣಿಚೀಲದ ಹಾಗೆ ಒಂದು ಸುಕ್ಕುಗೆರೆ ಮಾತ್ರ ಉಳಿದಿತ್ತು. ಹುಬ್ಬಿನಿಂದ ಕೆನ್ನೆಯ ತನಕ ಚರ್ಮ ಕಂದಿಹೋಗಿ ಹೊಳೆಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಕಡೆಗೆ ಸೆರಗು ಎಳೆದುಕೊಳ್ಳುತ್ತಿದ್ದರು, ಇಲ್ಲವೇ ಕಪ್ಪು ಕನ್ನಡಕ ಹಾಕುತ್ತಿದ್ದರು. ನಮ್ಮ ಅತ್ತಿ ಬೇಕಂತಲೇ ಸೆರಗನ್ನು ಬಲಗಡೆಗೆ ಸರಿಸಿ, ಎಡಗೆನ್ನೆಯನ್ನು ಊರಿಗೆಲ್ಲ ತೋರಿಸುತ್ತ ನಡೆಯುತ್ತಿದ್ದಳು. ಆದೋನಿ ಬಸ್ಸಿನಲ್ಲಿ ಯಾರಾದರೂ ಕದ್ದು ನೋಡಿದರೆ ಮುಗಿಯಿತು ಅವರ ಕಥೆ.

"ಯಾಕಪಾ ಕದ್ದು ನೋಡ್ತಿ? ಸನೇಕ ಬಾ, ಸರಿಯಾಗಿ ನೋಡು. ಕಣ್ಣಾಗ ಹುಳ ಬಿದ್ದಿದ್ವು, ಹುಳ! ಕಣ್ಣು ತೆಗದಾರ. ಸಮಾಧಾನ ಆತೇನು?"

ಪಾಪ, ಆ ಮನುಷ್ಯ ಕಿಟಕಿಯ ಕಡೆ ಮುಖ ತಿರುಗಿಸಿದವನು ಊರು ಬರುವ ತನಕ ಈ ಕಡೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನನಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ನಾನು ಟೀಚರು. ನಾಲ್ಕು ಜನ ನಮಸ್ಕಾರ ಹೇಳುವವಳು. ಇವಳ ಜೊತೆ ಬಸ್ಸು ಹತ್ತಬಾರದು ಅಂತ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲ ಹತ್ತುತ್ತಿದ್ದೆ.

ಅವಳು ನಮ್ಮ ರಕ್ತಸಂಬಂಧಿಯಲ್ಲ. ಕೋಸಗಿಯ ಹತ್ತಿರದ ನಮ್ಮೂರಿನಲ್ಲಿ ನಮ್ಮ ಹಿತ್ತಲಿಗೆ ತಾಗಿ ಅವರ ಕುರಿಹಟ್ಟಿ. ಹುಟ್ಟಿದಾಗಿನಿಂದ ಅತ್ತಿ ಅಂದೆ, ಅತ್ತಿಯೇ ಆದಳು. ಗಂಡ ಮಾತು ಕಡಿಮೆ ಇದ್ದ ಮನುಷ್ಯ. ಆ ಮನೆಯ ಮಾತನ್ನೆಲ್ಲ ಇವಳೊಬ್ಬಳೇ ಆಡುತ್ತಿದ್ದಳು.

ನಮ್ಮ ಕಡೆ 'ಹುಳ ಬಿತ್ತು' ಅನ್ನುವುದು ಆಡುವ ಮಾತಲ್ಲ, ಬಯ್ಯುವ ಮಾತು. ನಲ್ಲಿಯ ಹತ್ತಿರ ಜಗಳವಾದರೆ ಎಲ್ಲ ಬೈಗುಳ ಮುಗಿದ ಮೇಲೆ ಕೊನೆಗೆ ಬರುವುದು 'ನಿನ್ನ ಕಣ್ಣಾಗ ಹುಳ ಬೀಳ' ಅನ್ನುವ ಶಾಪ. ಹಾಗಾಗಿ ನಿಜವಾಗಿಯೂ ಯಾರದಾದರೂ ಗಾಯದಲ್ಲಿ ಹುಳ ಕಂಡರೆ ಊರು ಔಷಧಿ ಹುಡುಕುವುದಿಲ್ಲ, ಪಾಪ ಹುಡುಕುತ್ತದೆ. ಯಾರ ಅನ್ನ ಕಿತ್ತುಕೊಂಡಿದ್ದಳು, ಯಾರ ಹೊಟ್ಟೆ ಉರಿಸಿದ್ದಳು ಅಂತ. ಮನೆಯವರು ಬಟ್ಟೆ ಕಟ್ಟಿ, ಬಾಗಿಲು ಹಾಕಿ, ಊದಿನಕಡ್ಡಿ ಹಚ್ಚುತ್ತಾರೆ. ಹಾವು ಕಡಿಯಿತು ಅನ್ನುತ್ತಾರೆ, ಸಕ್ಕರೆ ಕಾಯಿಲೆ ಅನ್ನುತ್ತಾರೆ, ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಅದೊಂದನ್ನು ಬಿಟ್ಟು ಎಲ್ಲವನ್ನೂ ಅನ್ನುತ್ತಾರೆ.

ಅತ್ತಿಗೂ ಹಾಗೇ ಆಗಿತ್ತು. ಮದುವೆಯಾಗಿ ಎರಡನೆಯ ವರ್ಷ, ಕುರಿ ಹೊಡೆದುಕೊಂಡು ಹೋದಾಗ ಜಾಲಿಮುಳ್ಳು ರೆಪ್ಪೆಯನ್ನು ಸೀಳಿತು. ಸಣ್ಣ ಗಾಯ. ಕುರಿಯ ನಡುವೆಯೇ ಮಲಗಿ ಏಳುವವಳ ಗಾಯದ ಮೇಲೆ ನೊಣ ಕೂತಿತು, ತತ್ತಿ ಇಟ್ಟಿತು. ಮುಖ ಕುಂಬಳಕಾಯಿಯಷ್ಟು ಬಾತಾಗ ಅವಳ ಅತ್ತೆ ಬಿಗಿಯಾಗಿ ಬಟ್ಟೆ ಕಟ್ಟಿ, ಹೊರಗೆ ಬರಬೇಡ ಅಂದಳು. ಮೈದುನ ಕುರಿಯ ಗಾಯಕ್ಕೆ ಹಾಕುವ ಮದ್ದು, ಅಂದರೆ ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯನ್ನು ಪುಡಿ ಮಾಡಿ ಎಣ್ಣೆಯಲ್ಲಿ ಕಲಸಿದ್ದನ್ನು, ತಂದು ಕಣ್ಣಿಗೇ ಸುರಿದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣು ಹೋಗಿತ್ತು.

"ಹುಳ ಅರ್ಧ ತಿಂದ್ವು, ಮದ್ದು ಕಾಲುಭಾಗ ತಿಂತು," ಅನ್ನುತ್ತಿದ್ದಳು ಅತ್ತಿ. "ಉಳದಿದ್ದು ನಾಚಿಗಿ ತಿಂತು."

ಅವತ್ತಿನಿಂದ ಅವಳು ಮುಚ್ಚಿದ್ದೆಲ್ಲದರ ವೈರಿಯಾದಳು. ಯಾರ ಮನೆಗೆ ಹೋದರೂ ಮೊದಲು ಒಳಗೆ ಹೋಗುವುದು ಅವಳ ಮೂಗು. ಬೆರಳಿಗೆ ಚಿಂದಿ ಸುತ್ತಿದ ಮಗು ಕಂಡರೆ ಹಿಡಿದು ನಿಲ್ಲಿಸುತ್ತಿದ್ದಳು: "ಬಿಚ್ಚು, ನೋಡಾನ." ಕಾಯಿಸಿ ಆರಿಸಿದ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ನರ್ಸಮ್ಮನ ಹತ್ತಿರ ಅಟ್ಟುತ್ತಿದ್ದಳು. ಬಾಣಂತಿಯರ ಮನೆಯಲ್ಲಿ ಕೂಸಿನ ಕಣ್ಣಿನ ಮೇಲೆ ನೊಣ ಕೂತಿದ್ದು ಕಂಡರೆ ಕೂಸಿನ ಅಜ್ಜಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅವಳಿಗೆ ಹೆದರಿ ಓಣಿಯ ಹುಡುಗರು ಗಾಯವಾದರೆ ಆ ಕಡೆಯ ದಾರಿಯನ್ನೇ ಬಿಡುತ್ತಿದ್ದರು. ದೊಡ್ಡವರಿಗೂ ಅಷ್ಟೇನೂ ಇಷ್ಟವಿರಲಿಲ್ಲ. ಬಾಯಿಬಡಕಿ ಅನ್ನುತ್ತಿದ್ದರು. ಸತ್ಯ ಹೇಳಬೇಕೆಂದರೆ ನಾನೂ ಅನ್ನುತ್ತಿದ್ದೆ.

ಈಗ ನನ್ನ ಮಾತು ಹೇಳುತ್ತೇನೆ. ಹೇಳಲು ಹಿಂಜರಿಕೆಯಿದೆ, ಅದಕ್ಕೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಅವ್ವ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡಳು. ಬಲಹುಬ್ಬಿನ ಕೆಳಗೆ ಸೀಳಿತು. ಅವ್ವನಿಗೆ ಸಕ್ಕರೆ ಕಾಯಿಲೆ, ಗಾಯ ಬೇಗ ಮಾಯುವುದಿಲ್ಲ. ಅರಿಶಿನ ಮೆತ್ತಿಕೊಂಡು ಮಧ್ಯಾಹ್ನ ಬೇವಿನ ಮರದ ಕೆಳಗೆ ಮಲಗುತ್ತಿದ್ದಳು. ಮೂರನೆಯ ದಿನ ರೆಪ್ಪೆ ಬಾತು ಕಣ್ಣು ಮುಚ್ಚಿತು. ಊರಿನ ಆರ್‌ಎಂಪಿ ಡಾಕ್ಟರು ಸೂಜಿ ಹಾಕಿ ಮಾತ್ರೆ ಕೊಟ್ಟರು. ಬಾವು ಇಳಿಯಲಿಲ್ಲ, ಕೆನ್ನೆಗೆ ಇಳಿದುಬಂತು. ಚರ್ಮ ಕೆಂಪಗೆ ಬಿಗಿದು, ಮುಟ್ಟಿದರೆ ಬೆಂಕಿಯಂತೆ ಸುಡುತ್ತಿತ್ತು. ಆರನೆಯ ದಿನ ನನ್ನ ತಮ್ಮನಿಗೆ ಹೆಣ್ಣು ಕೊಡುವವರು ದೇವನಕೊಂಡದಿಂದ ಮಾತುಕತೆಗೆ ಬರುವವರಿದ್ದರು.

ಅವತ್ತು ಬೆಳಗ್ಗೆ ಅವ್ವನ ಬಟ್ಟೆ ಬದಲಿಸುತ್ತಿದ್ದೆ. ಗಾಯದ ಆಳದಿಂದ ಬಿಳಿಯ ತುದಿಯೊಂದು ಮೇಲೆ ಬಂದು, ಬೆಳಕು ಕಂಡು ಸರಕ್ಕನೆ ಒಳಗೆ ಹೋಯಿತು. ಅದರ ಪಕ್ಕದಲ್ಲೇ ಇನ್ನೊಂದು.

ನಾನು ಬಟ್ಟೆಯನ್ನು ಮತ್ತೆ ಕಟ್ಟಿಬಿಟ್ಟೆ.

"ಏನೈತೆವ್ವಾ?" ಅಂದಳು ಅವ್ವ.

"ಏನಿಲ್ಲವ್ವಾ. ಕೀವು."

ಅವ್ವನಿಗೆ ಗೊತ್ತಿತ್ತು. ಒಳಗೆ ಹರಿದಾಡುವುದು ಹೊತ್ತವಳಿಗೆ ಗೊತ್ತಾಗುವುದಿಲ್ಲವೇ? ಉಳಿದೊಂದು ಕಣ್ಣಿನಿಂದ ನನ್ನನ್ನು ನೋಡಿ, "ಅವರು ಬಂದು ಹೋಗ್ಲಿ. ಅಲ್ಲಿತನ ಯಾರಿಗೂ ಹೇಳಬ್ಯಾಡ," ಅಂದಳು. ನಾನು ಹೂಂ ಅಂದೆ. ಒಳಕೋಣೆಯಲ್ಲಿ ಮಲಗಿಸಿ ಊದಿನಕಡ್ಡಿ ಹಚ್ಚಿದೆ. ನುಸಿಗುಳಿಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಟ್ಟಲಿನಲ್ಲಿಟ್ಟೆ, ಬಂದವರು ಹೋದ ಕೂಡಲೇ ನಾಲ್ಕು ಹನಿ ಬಿಟ್ಟರಾಯಿತು ಅಂತ. ಅತ್ತಿಯ ಕಥೆಯನ್ನು ನೂರು ಸಲ ಕೇಳಿದವಳು ನಾನು. ನನ್ನ ಮನೆಗೆ ಬಂದಾಗ ಅದು ಬೇರೆಯೇ ಅನ್ನಿಸಿಬಿಟ್ಟಿತು.

ನೆಂಟರು ಬಂದರು. ಅವ್ವನಿಗೆ ಸ್ವಲ್ಪ ಜ್ವರ ಅಂದೆ. ಚಹಾ ಕೊಟ್ಟೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅತ್ತಿ ಬಂದಳು, ನೆಂಟರ ಊಟಕ್ಕೆ ಅಂತ ಮೊಸರಿನ ಗಡಿಗೆ ಹಿಡಿದು. ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು.

"ಇಷ್ಟು ಊದಿನಕಡ್ಡಿ ಯಾಕ ಹಚ್ಚೀರಿ? ಅಕ್ಕ ಎಲ್ಲದಾಳ?"

"ಮಲಗ್ಯಾಳ ಅತ್ತಿ. ಈಗ ಬ್ಯಾಡ," ಅಂತ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. "ಅವರು ಹೋಗಲಿ, ಆಮ್ಯಾಲ ನೋಡಾನ."

"ಅವರು ಹೋಗಾತನ ಹುಳ ಕಾಯ್ತಾವೇನು ಟೀಚರಮ್ಮಾ?"

ಗಡಿಗೆಯನ್ನು ನನ್ನ ಕೈಗಿಟ್ಟು, ನನ್ನನ್ನು ಪಕ್ಕಕ್ಕೆ ನೂಕಿ ಒಳಗೆ ಹೋದಳು. ಅವ್ವ ಬೇಡ ಬೇಡ ಅಂತ ಕೈ ಹಿಡಿದುಕೊಂಡಳು. ಅತ್ತಿ ಬಿಡಲಿಲ್ಲ. ಬಿಚ್ಚಿದಳು, ನೋಡಿದಳು, ಸ್ವಚ್ಛ ಬಟ್ಟೆಯನ್ನು ಮೇಲೆ ಸಡಿಲವಾಗಿ ಹೊದಿಸಿದಳು. ಬಟ್ಟಲು ಕಣ್ಣಿಗೆ ಬಿತ್ತು. ಮೂಸಿ ನೋಡಿದವಳೇ ಕಿಟಕಿಯಿಂದ ಹೊರಗೆ ಎಸೆದಳು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ನೇರವಾಗಿ ಪಡಸಾಲೆಗೆ ಹೋಗಿ, ಹಾಸಿದ ಜಮಖಾನದ ನಡುವೆ ನಿಂತಳು.

"ಕೇಳ್ರಿ ಬೀಗರ. ಈ ಮನಿ ಯಜಮಾನಿ ಕಣ್ಣಿನ ಮ್ಯಾಲ ಹುಳ ಬಿದ್ದಾವು. ನೊಣ ತತ್ತಿ ಇಟ್ಟೈತಿ, ಮರಿ ಆಗ್ಯಾವು. ಕುರಿಗೆ ಬೀಳ್ತಾವು, ನಾಯಿಗೆ ಬೀಳ್ತಾವು, ಮನಿಷಾರಿಗೂ ಬೀಳ್ತಾವು. ನನಗೂ ಬಿದ್ದಿದ್ವು, ನೋಡ್ರಿ ಇಲ್ಲೆ. ಪಾಪ ಗೀಪ ಅನ್ನೋರು ಎದ್ದು ಹೋಗ್ರಿ. ಕಾರು ಮಾತ್ರ ಬಿಟ್ಟು ಹೋಗ್ರಿ, ಆಕೀನ ಆಸ್ಪತ್ರಿಗೆ ಒಯ್ಬೇಕು."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನನಗೆ. ತಮ್ಮ ತಲೆ ಎತ್ತಲಿಲ್ಲ. ಹುಡುಗಿಯ ಚಿಕ್ಕಪ್ಪ ಎದ್ದು ನಿಂತು, "ಇದೇನ್ರಿ ಇದು, ಶುಭಕಾರ್ಯ ಮಾತಾಡಾಕ ಬಂದರ..." ಅಂತ ಶುರು ಮಾಡಿದ.

"ಕೂರ್ಚೋರಾ, ಕೂತ್ಕೋ," ಅಂದಿತು ಮೂಲೆಯಿಂದ ತೆಲುಗು ಬೆರೆತ ಒಂದು ದನಿ. ಹುಡುಗಿಯ ಅಜ್ಜಿ, ಆ ಚಿಕ್ಕಪ್ಪನ ತಾಯಿ. ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. "ನಿಮ್ಮಪ್ಪಗೂ ಕಾಲಾಗ ಇವೇ ಬಿದ್ದಿದ್ವು. ಹಾವು ಕಡದೈತಂತ ಊರಿಗೆಲ್ಲ ಹೇಳಿದ್ವಿ. ಬಾಗಲು ಹಾಕಿದ ಕ್ವಾಣ್ಯಾಗ ಸತ್ತುಹೋದ. ನಾನೇ ಹಾಕಿದ್ದೆ ಬಾಗಲು." ಸೆರಗಿನಿಂದ ಮೂಗು ಒರೆಸಿಕೊಂಡು ಮಗನನ್ನು ನೋಡಿದಳು. "ಏಂ ಚೂಸ್ತಾವು, ಏನ್ ನೋಡ್ತಿ? ಕಾರು ತಿಪ್ಪು."

ಆತ ಕಾರು ತಿರುಗಿಸಿದ.

ಆದೋನಿಯ ಆಸ್ಪತ್ರೆಯ ವರಾಂಡದಲ್ಲಿ, ಯಾರನ್ನೋ ನೋಡಲು ಬಂದಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ಮೂಗು ಮುಚ್ಚಿಕೊಂಡು, ಏನು ಕರ್ಮವೋ ಅಂದಳು. "ಮೂಗು ಮುಚ್ಚಿಕೋ ತಾಯಿ, ಹಂಗೇ ಬಾಯೂ ಮುಚ್ಚಿಕೋ," ಅಂದಳು ಅತ್ತಿ. ಅಲ್ಲಿ ನೋಡಿ ಕೂಡಲೇ ಕರ್ನೂಲಿಗೆ ಕಳಿಸಿದರು. ಅತ್ತಿಯೂ ಬಂದಳು. ಕುರಿಗಳನ್ನು ಗಂಡನಿಗೆ ಬಿಟ್ಟು, ಉಟ್ಟ ಸೀರೆಯಲ್ಲೇ.

ಕರ್ನೂಲಿನ ಕಣ್ಣಿನ ಡಾಕ್ಟರಮ್ಮ ಸಣ್ಣ ಚಿಮುಟದಿಂದ ಹುಳಗಳನ್ನು ಒಂದೊಂದಾಗಿ ತೆಗೆದರು. ಕೆನ್ನೆಯ ತನಕ ಹಬ್ಬಿದ್ದ ಬಾವಿಗೆ ಸೆಲ್ಯುಲೈಟಿಸ್ ಅನ್ನುತ್ತಾರಂತೆ, ಚರ್ಮದ ಒಳಪದರಕ್ಕೆ ತಗಲುವ ಸೋಂಕು. ಹುಳ ಒಳಗೆ ಕೂತು ತಿನ್ನುತ್ತಿರುವ ತನಕ ಮಾತ್ರೆಯೊಂದರಿಂದಲೇ ಬಾವು ಇಳಿಯುವುದಿಲ್ಲ ಅಂದರು. ಇನ್ನೆರಡು ದಿನ ಬಿಟ್ಟಿದ್ದರೆ ಕಣ್ಣಿನ ಹಿಂದಕ್ಕೆ ಹೋಗುತ್ತಿತ್ತು, ಅಲ್ಲಿಂದ ಮಿದುಳು ದೂರವಿಲ್ಲ ಅಂದರು. ಯಾವ ಪಾಪದ ಮಾತನ್ನೂ ಎತ್ತಲಿಲ್ಲ. ನೊಣ, ತೆರೆದ ಗಾಯ, ಸಕ್ಕರೆ ಕಾಯಿಲೆ, ಇಷ್ಟೇ ಹೇಳಿದರು.

ವಾರ್ಡಿನ ಹೊರಗೆ ಕೂತು ನಾನು ಗೋಳೋ ಅಂತ ಅತ್ತೆ. ಅತ್ತಿ ಕಣ್ಣೊರೆಸಲು ಬರಲಿಲ್ಲ.

"ಬೆಳಗ್ಗೆ ನೀನು ನೋಡಿದ್ದಿ, ಹೌದಲ್ಲ?"

"ಹೂಂ."

"ನೋಡಿ ಮತ್ತ ಕಟ್ಟಿದಿ."

"ಹೂಂ ಅತ್ತಿ."

"ನನಗೂ ನಮ್ಮತ್ತಿ ಹಿಂಗೇ ಕಟ್ಟಿದ್ಲು. ಆಕಿಗೂ ನನ್ನ ಮ್ಯಾಲ ಜೀವ ಇತ್ತು," ಅಂದಳು. ಆಮೇಲೆ ಎದ್ದು ಹೋಗಿ ಇಬ್ಬರಿಗೂ ಚಹಾ ತಂದಳು. ಬೈದಿದ್ದರೆ ಒಳ್ಳೆಯದಿತ್ತು. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ಅವ್ವ ಉಳಿದಳು, ಕಣ್ಣೂ ಉಳಿಯಿತು. ರೆಪ್ಪೆಯ ತುದಿ ಮಾತ್ರ ಮೇಲಕ್ಕೆ ಎಳೆದುಕೊಂಡಿದೆ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ದೇವನಕೊಂಡದ ಹುಡುಗಿಯೇ ನಮ್ಮ ಮನೆಯ ಸೊಸೆಯಾದಳು. ಆದರೆ ಅವ್ವ ಕಪ್ಪು ಕನ್ನಡಕವಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಕೇಳಿದವರಿಗೆ ಪೊರೆಯ ಆಪರೇಶನ್ ಆಗಿದೆ ಅನ್ನುತ್ತಿದ್ದಳು. ಅತ್ತಿ ಎದುರಿಗೇ ಇದ್ದರೂ ಅದನ್ನೇ ಹೇಳುತ್ತಿದ್ದಳು. ಅದೊಂದು ವಿಷಯದಲ್ಲಿ ಅತ್ತಿ ಅವ್ವನನ್ನು ಬೈಯಲಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತಿ ಹೋದಳು. ಕುರಿಗಳಿಗೆ ನೀರು ಕುಡಿಸುತ್ತಿದ್ದವಳು ಎದೆ ಹಿಡಿದುಕೊಂಡು ತೊಟ್ಟಿಯ ಪಕ್ಕ ಕೂತಳು, ಏಳಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಮಗ ದೊಡ್ಡ ಫ್ಲೆಕ್ಸು ಕಟ್ಟಿಸಿದ್ದ. ನಾನೂ ಅವ್ವನೂ ನೋಡಲು ಹೋದೆವು. ಫ್ಲೆಕ್ಸಿನ ಮೇಲಿದ್ದ ಹೆಂಗಸಿಗೆ ಎರಡು ಕಣ್ಣಿದ್ದವು. ಬಲಗಣ್ಣನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿ ಎಡಕ್ಕೂ ಕೂರಿಸಿದ್ದರು. ಕೆನ್ನೆಯ ಕಲೆ ತಿಕ್ಕಿ ತೆಗೆದಿದ್ದರು.

"ಯಾರಿಕಿ?" ಅಂದಳು ಅವ್ವ.

ಮಗ ತಲೆ ತಗ್ಗಿಸಿದ. "ಬೀಗರೆಲ್ಲ ಬರ್ತಾರ ದೊಡ್ಡವ್ವಾ. ಹೋಗುವಾಗಾದ್ರೂ ಆಕಿ ಚಂದ ಕಾಣ್ಲಿ ಅಂತ..."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆಗೆಯಬೇಕು, ಅಷ್ಟರಲ್ಲಿ ಅವ್ವ ಮುಂದೆ ಹೋದಳು. ಜೀವಮಾನದಲ್ಲಿ ಬೀದಿಯಲ್ಲಿ ದನಿ ಎತ್ತದ ನನ್ನ ಅವ್ವ. ಅಷ್ಟು ಜನರ ನಡುವೆ ಕನ್ನಡಕ ತೆಗೆದು, ಎಳೆದುಕೊಂಡ ರೆಪ್ಪೆಯನ್ನು ಅವನ ಮುಖದ ಹತ್ತಿರಕ್ಕೆ ಒಯ್ದಳು.

"ನಾಳಿ ನಾನು ಸತ್ತರ ನನ್ನದೂ ತಿದ್ದಿಸ್ತಿಯೇನು ಮಗನಾ? ಇಳಸು ಅದನ್ನ."

ಅವನು ಬಿಕ್ಕಿ ಅಳತೊಡಗಿದ. ಅಳುತ್ತಲೇ ಹಗ್ಗ ಬಿಚ್ಚಿದ. ಅವ್ವನನ್ನು ಮನೆಗೆ ಕಳಿಸಿದ ದಿನ ಕರ್ನೂಲಿನ ಆಸ್ಪತ್ರೆಯ ವರಾಂಡದಲ್ಲಿ ಚಹಾ ಕುಡಿಯುವಾಗ ನಾನು ತೆಗೆದಿದ್ದ ಫೋಟೋ ಫೋನಿನಲ್ಲಿತ್ತು, ಅದನ್ನು ಕೊಟ್ಟೆ. ಸಂಜೆಯ ಒಳಗೆ ಹೊಸ ಫ್ಲೆಕ್ಸು ಮೇಲೇರಿತು. ಒಂದೇ ಕಣ್ಣು, ಹೊಲಿದಂತಿದ್ದ ಆ ಗೆರೆ, ಕಂದಿದ ಕೆನ್ನೆ, ಏನನ್ನೋ ಬೈಯಲು ತೆರೆದ ಬಾಯಿ.

ಬಸ್ಸಿನಿಂದ ಇಳಿದವರು ನಿಂತು ನೋಡಿದರು. ಆ ಕಣ್ಣಿಗೆ ಏನಾಗಿತ್ತು ಅಂತ ಪರ ಊರಿನವರೊಬ್ಬರು ಕೇಳಿದರು. ಅವ್ವ ಫ್ಲೆಕ್ಸಿನ ಕೆಳಗೇ ನಿಂತಿದ್ದಳು, ಕನ್ನಡಕ ಇನ್ನೂ ಕೈಯಲ್ಲೇ ಇತ್ತು.

"ಹುಳ ಬಿದ್ದಿದ್ವು," ಅಂದಳು. "ನನಗೂ ಬಿದ್ದಿದ್ವು. ಆಕಿ ಬಾಯಿ ಬಿಟ್ಟು ಹೇಳಿದ್ಲು, ನಾನು ಉಳದೀನಿ."