ಸುಟ್ಟ ರೀಲಿನಲ್ಲಿ ಏನಿತ್ತು?

ನಿನ್ನೆ ಬಚ್ಚಲ ಒಲೆಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಾಗ ಕೈ ಜಾರಿ ನನ್ನ ಹಳೆಯ ಬಾಚಣಿಗೆ ಕೆಂಡದ ಮೇಲೆ ಬಿತ್ತು. ಭಗ್ಗೆಂದು ಹತ್ತಿಕೊಂಡು, ನಾನು ಅಯ್ಯಯ್ಯ ಅನ್ನುವಷ್ಟರಲ್ಲಿ ಮಾಯವಾಯಿತು. ಉಳಿದದ್ದು ವಾಸನೆ ಮಾತ್ರ. ಹಿಂದಿನ ಕಾಲದ ಬಾಚಣಿಗೆ, ಸಿನಿಮಾ ರೀಲು ಎರಡನ್ನೂ ಒಂದೇ ಸಾಮಾನಿನಿಂದ ಮಾಡುತ್ತಿದ್ದರಂತೆ. ಇದು ನಿಜವೋ ಸುಳ್ಳೋ ನಾನರಿಯೆ, ನನ್ನ ಮೂಗಂತೂ ಹೌದು ಎಂದಿತು. ಮಸ್ಕಿಯ ಬಚ್ಚಲಲ್ಲಿ ಕೂತವಳು ಮನಸ್ಸಿನಲ್ಲೇ ಸಿಂಧನೂರಿನ ಹಳೆಯ ಸಿನಿಮಾ ಟೆಂಟಿಗೆ ಹೋಗಿಬಿಟ್ಟೆ.

ಅಷ್ಟರಲ್ಲಿ ಮೊಮ್ಮಗಳು ಸಿನಿಮಾ ನೋಡಿಕೊಂಡು ಮುಖ ಊದಿಸಿಕೊಂಡು ಬಂದಳು. ಅವಳು ಮೆಚ್ಚಿ ಓದಿದ ಕಾದಂಬರಿಯನ್ನು ಯಾರೋ ಸಿನಿಮಾ ಮಾಡಿದ್ದಾರೆ. "ಪುಸ್ತಕದಾಗ ಇದ್ದಂಗ ಒಂದೂ ಇಲ್ಲಜ್ಜಿ. ಹಾಳು ಮಾಡ್ಯಾರ. ಬದಲಿ ಮಾಡಾಕ ಇವರ್ಯಾರು?" ಎಂದಳು. ಕೇಳಿದ್ದಕ್ಕೂ ಕೇಳದ್ದಕ್ಕೂ ತಟ್ಟನೆ ಉತ್ತರ ಕೊಡುವುದು ನನ್ನ ಹುಟ್ಟುಗುಣ. ಮನೆಮಂದಿಯೆಲ್ಲ ಅದರಿಂದ ಬಳಲಿದ್ದಾರೆ. ಈ ಒಂದು ಪ್ರಶ್ನೆಗೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಯಾಕೆಂದು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನಿಜಾಮರ ಆಡಳಿತ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಸಿಂಧನೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ನನ್ನ ಗಂಡನ ಅಕ್ಕ ಶರಣಮ್ಮ ಇದ್ದರು. ಹಬ್ಬಕ್ಕೆ ಬಂದವರಲ್ಲ, ಗಂಡನ ಮನೆ ಬಿಟ್ಟು ಬಂದವರು. ಗಂಡನ ಊರು ಲಿಂಗಸುಗೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಹೊಸದಾಗಿ ಕನ್ನಡ ಶಾಲೆ ತೆರೆದಿದ್ದರು. ಕಲಿಸಲು ಕನ್ನಡ ಬಲ್ಲ ಹೆಂಗಸರು ಎಲ್ಲಿದ್ದರು? ನಮ್ಮ ಗಂಡಸರೇ ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಸಹಿ ಹಾಕಲು ತಡವರಿಸುತ್ತಿದ್ದ ಕಾಲ. ಅಕ್ಕ ಮಠದ ಅಯ್ಯನವರ ಹತ್ತಿರ ಕನ್ನಡ ಕಲಿತಿದ್ದರು. ಶಾಲೆಯವರು ಕರೆದರು, ಇವರು ಹೋದರು. ಅವರ ಗಂಡ ಬಸಲಿಂಗಪ್ಪನವರದು ಬಜಾರಿನಲ್ಲಿ ಬಟ್ಟೆ ಅಂಗಡಿ. ಸಾವುಕಾರರ ಸೊಸೆ ದಿನಾ ಅಂಗಡಿಯ ಮುಂದೆಯೇ ಹಾದು ನೌಕರಿಗೆ ಹೋದರೆ ಮನೆತನದ ಇಜ್ಜತ್ತು ಏನಾಗಬೇಕು ಎಂದು ಅಕ್ಕನ ಅತ್ತೆ ಹಟ ಹಿಡಿದರು. ಬಸಲಿಂಗಪ್ಪನವರು ಬಾಯಿ ತೆರೆಯಲಿಲ್ಲ. ಅತ್ತೆಯ ಬೈಗುಳಕ್ಕಿಂತ ಗಂಡ ಸುಮ್ಮನೆ ಕೂತದ್ದೇ ಅಕ್ಕನನ್ನು ಹೆಚ್ಚು ನೋಯಿಸಿತ್ತು. ಶಾಲೆಯನ್ನೂ ಅಲ್ಲಿಗೇ ನಿಲ್ಲಿಸಿ ತವರಿಗೆ ಬಂದುಬಿಟ್ಟಿದ್ದರು. ಈಗ ಅಲ್ಲಿಂದ ಕೊನೆಯ ಮಾತು ಬಂದಿತ್ತು. ದೀಪಾವಳಿಯೊಳಗೆ ಶಾಲೆಯ ಆಸೆ ಬಿಟ್ಟು ಬರಬೇಕು, ಇಲ್ಲದಿದ್ದರೆ ಮಗನಿಗೆ ಇನ್ನೊಂದು ಹೆಣ್ಣು ತರುತ್ತಾರೆ. ಆಗ ಅದೇನೂ ದೊಡ್ಡ ಮಾತಾಗಿರಲಿಲ್ಲ.

ಗದಗಿನಿಂದ ಬರುತ್ತಿದ್ದ ಹತ್ತಿ ವ್ಯಾಪಾರಿಗಳ ಕೈಯಲ್ಲಿ ಅಕ್ಕ ಕಾದಂಬರಿ ತರಿಸುತ್ತಿದ್ದರು. ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತ ಕೂತರೆ ಅವರು ಓದಿ ಹೇಳುವರು. ಕಥೆ ರಂಗೇರಿದಂತೆ ನನ್ನ ಜೋಳದಲ್ಲಿ ಹರಳು ಉಳಿದುಬಿಡುತ್ತಿದ್ದವು, ಆಮೇಲೆ ರೊಟ್ಟಿಯಲ್ಲಿ ಮಾವನವರ ಹಲ್ಲಿಗೆ ಸಿಗುತ್ತಿದ್ದವು. ಒಂದು ಕಾದಂಬರಿಯಲ್ಲಿ ವಕೀಲನೊಬ್ಬನ ಹೆಂಡತಿ ಅವಮಾನ ತಾಳದೆ ಮನೆ ಬಿಡುತ್ತಾಳೆ. ಗಂಡ ಬಂದು ಕರೆದರೂ ಹೋಗದೆ ಒಬ್ಬಳೇ ಬದುಕುತ್ತಾಳೆ. ಅದನ್ನು ಓದಿ ಮುಗಿಸಿದ ದಿನ ಅಕ್ಕ ಊಟ ಮಾಡಲಿಲ್ಲ.

ಅದೇ ಕಾದಂಬರಿ ಸಿನಿಮಾ ಆಗಿ ಸಿಂಧನೂರಿನ ಟೂರಿಂಗ್ ಟಾಕೀಸಿಗೆ ಬಂತು. ನನ್ನ ತವರಿನ ನೆಪ ಹೇಳಿ ಇಬ್ಬರೂ ಹೋದೆವು. ಟೆಂಟಿನಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ, ನಡುವೆ ತಟ್ಟಿಯ ಮರೆ. ಇದ್ದದ್ದು ಒಂದೇ ಮಷೀನು. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಪರದೆಯ ಮೇಲೆ ವಕೀಲ ಹೆಂಡತಿಯನ್ನು ಕರೆಯಲು ಬಂದು ಬಾಗಿಲಲ್ಲಿ ನಿಂತ, ರೀಲು ಮುಗಿಯಿತು. ಮುಂದಿನದಕ್ಕೆ ಬೆಂಕಿ ಹತ್ತಿತು. ಮರಳು ಸುರಿದು ಗದ್ದಲ ಮಾಡಿ ಹೇಗೋ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ, ರೀಲು ಮಾತ್ರ ಬೂದಿಯಾಯಿತು.

ಟೆಂಟಿನ ಮಾಲಕ ಪರದೆಯ ಮುಂದೆ ಬಂದು ಕೈಮುಗಿದ. "ಒಂದ ರೀಲು ಹೋತ್ರಿ. ಅದನ್ನ ಬಿಟ್ಟು ಮುಂದಿಂದು ತೋರಸ್ತೀನಿ."

"ನಡುವ ಏನಾತು? ಆಕಿ ಗಂಡನ ಕೂಡ ಹೋದ್ಲೋ ಇಲ್ಲೋ?" ಎಂದು ಜನ ಎದ್ದು ನಿಂತು ಕೂಗಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಅಕ್ಕಾರು ಪುಸ್ತಕಾ ಓದ್ಯಾರ್ರಿ!" ಎಂದುಬಿಟ್ಟೆ. ಅಕ್ಕ ನನ್ನ ತೊಡೆ ಚಿವುಟಿದರು. ಆದರೂ ಎದ್ದು, ಸೆರಗು ಸರಿಮಾಡಿಕೊಂಡು, ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆ ಹೋಗಲಿಲ್ಲ, ಬಾಗಿಲು ಹಾಕಿಕೊಂಡಳು. ದೀಪ ಆರಿತು. ನೋಡಿದರೆ ಪರದೆಯ ಮೇಲೆ ಆಕೆ ಗಂಡನ ಮನೆಯಲ್ಲಿ ನಗುನಗುತ್ತ ಊಟಕ್ಕೆ ಬಡಿಸುತ್ತಿದ್ದಾಳೆ!

"ಪುಸ್ತಕದಾಗ ಇದ್ದಂಗ ತೋರಸ್ರಿ!" ಎಂದು ಒಬ್ಬ ಕೂಗಿದ.

"ಪುಸ್ತಕಾ ಏನ್ ಪುರಾಣೇನಲೇ? ಪಿಚ್ಚರ್ ಮಾಡಿದವಗ ಸಂಸಾರ ಉಳೀಲಿ ಅನಿಸೈತಿ, ಉಳಿಸ್ಯಾನ," ಎಂದ ಇನ್ನೊಬ್ಬ.

"ಹಂಗಾದ್ರ ಅದರ ಹೆಸರ್ಯಾಕ ಇಟ್ಟಾನ? ಬ್ಯಾರೆ ಇಡಬೇಕಿತ್ತು."

ಮೊಮ್ಮಗಳ ವಾದ ಹೊಸದೇನಲ್ಲ, ನೋಡಿ. ಮಸ್ಕಿಗೆ ಮರಳುವಾಗ ದಾರಿಯುದ್ದಕ್ಕೂ ನಾನೂ ಸಿನಿಮಾದವರನ್ನು ಬೈದೆ. ಅಕ್ಕ ಬೈಯಲಿಲ್ಲ. "ಆಕಿ ತಿರುಗಿ ಯಾಕ ಬಂದ್ಲು? ನಕ್ಕೋತ ಬಡಸಾಕತ್ತಿದ್ಲಲ್ಲ. ಹಂಗ ನಗಬೇಕಂದ್ರ ಬಾಗಲದಾಗ ಅವರಿಬ್ಬರ ನಡುವ ಏನರ ಮಾತಾಗಿರಬೇಕು. ಏನ್ ಮಾತದು?" ಎಂದರು. ರೊಟ್ಟಿ ಬಡಿಯುವಾಗಲೂ ಅದೇ, ನೀರು ಸೇದುವಾಗಲೂ ಅದೇ. ಸಿನಿಮಾದವರು ಎಂಥದೋ ಒಂದನ್ನು ತೋರಿಸಿರುತ್ತಾರೆ ಬಿಡ್ರಿ ಎಂದರೆ ಕೇಳುತ್ತಿರಲಿಲ್ಲ. ಎಂಥ ಮಾತಿಗೆ ಹೆಣ್ಣೊಬ್ಬಳು ಹಾಗೆ ನಗುತ್ತ ಹಿಂತಿರುಗಿಯಾಳು ಎಂಬುದು ಅವರಿಗೆ ಬೇಕಿತ್ತು.

ದೀಪಾವಳಿ ಹತ್ತಿರ ಬಂದಾಗ ಟೆಂಟು ಮಸ್ಕಿಗೇ ಬಂತು. ಮಾಲಕ ಮಾವನವರ ಮುಂದೆ ನಿಂತು, "ರೀಲು ಇನ್ನೂ ಸಿಕ್ಕಿಲ್ರಿ. ಅಕ್ಕಾರು ಒಂದ ಸಲ ಕಥಿ ಹೇಳಿದ್ರ ನನ್ನ ಮರ್ಯಾದಿ ಉಳಿತೈತಿ. ಆದ್ರ ಮುಂದಿನ ರೀಲಿಗಿ ಕೂಡೂ ಹಂಗ ಹೇಳ್ರಿ," ಎಂದ. ಮಗಳ ಓದಿನ ಬಗ್ಗೆ ಮಾವನವರಿಗೆ ಒಳಗೊಳಗೇ ಹೆಮ್ಮೆ. ಹೂಂ ಎಂದರು. ಅದೇ ದಿನ ಬಸಲಿಂಗಪ್ಪನವರೂ ಲಿಂಗಸುಗೂರಿನಿಂದ ಕೊನೆಯ ಮಾತು ಕೇಳಲು ಬಂದಿದ್ದರು. ಅಳಿಯನನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವುದು ಹೇಗೆಂದು ಮಾವನವರು ಅವರನ್ನೂ ಟೆಂಟಿಗೆ ಕರೆದುಕೊಂಡು ಹೋದರು.

ವಕೀಲ ಬಾಗಿಲಲ್ಲಿ ನಿಂತ. ದೀಪ ಹತ್ತಿತು. ತಟ್ಟಿಯ ಈ ಕಡೆಯಿಂದ ಅಕ್ಕ ಎದ್ದರು.

"ಆಕಿ ಅಂದ್ಲು, ನಾ ಬರ್ತೀನಿ. ಆದ್ರ ನನ್ನ ಸಾಲಿನೂ ನನ್ನ ಕೂಡ ಬರತೈತಿ. ದಿನಾ ನಿಮ್ಮ ಅಂಗಡಿ ಮುಂದ ಹಾದು ಹೋಗ್ತೀನಿ. ಮಂದಿ ನಕ್ರ ನಗಲಿ. ನೀವು ತಲಿ ತಗ್ಗಸಬಾರದು. ನಿಮ್ಮ ಬಾಯಿಲೆ ಒಂದ ಮಾತು ನನ್ನ ಕಡೆ ಬರಬೇಕು. ಆಗೂದಿದ್ರ ಹೇಳ್ರಿ, ಈಗ ಹೊಂಟೆ."

ಕಾದಂಬರಿಯಲ್ಲಿ ಶಾಲೆ ಎಲ್ಲಿತ್ತು? ವಕೀಲನಿಗೆ ಅಂಗಡಿ ಎಲ್ಲಿಂದ ಬಂತು?

"ಅದಕ್ಕ ಆತ ಏನಂದಾ?" ಗಂಡಸರ ಕಡೆಯಿಂದ ಯಾರೋ ಕೇಳಿದರು.

"ಅದು ನನಗ ಗೊತ್ತಿಲ್ರಿ," ಎಂದು ಅಕ್ಕ ಕೂತುಬಿಟ್ಟರು.

ದೀಪ ಆರಿತು. ಪರದೆಯ ಮೇಲೆ ಅದೇ ಹೆಂಗಸು, ಅದೇ ನಗು, ಅದೇ ಊಟ. ಸಿಂಧನೂರಿನಲ್ಲಿ ಜನರನ್ನು ಕೂಗಾಡಿಸಿದ ಅದೇ ರೀಲು. ಮಸ್ಕಿಯ ಜನ ಚಪ್ಪಾಳೆ ತಟ್ಟಿದರು. ಆತ ಒಪ್ಪಿಕೊಂಡಿದ್ದಾನೆಂದು ಅವರಿಗೆ ಗೊತ್ತಾಗಿತ್ತು. ಕತ್ತಲಲ್ಲಿ ಅಕ್ಕನ ಕೈ ಹಿಡಿದುಕೊಂಡೆ.

ಬೆಳಿಗ್ಗೆ ಅಕ್ಕ ಚಹಾ ತಂದಿಟ್ಟಾಗ ಬಸಲಿಂಗಪ್ಪನವರು ಬಸಿಯನ್ನೇ ನೋಡುತ್ತ, "ದೀಪಾವಳಿ ಸೂಟಿ ಮುಗದು ಸಾಲಿ ಯಾವಾಗ ಸುರು ಆಗತೈತಿ?" ಎಂದು ಕೇಳಿದರು. ಮಾವನವರು ಯಾರ ಸಾಲಿ ಎಂದು ಮಿಕಿಮಿಕಿ ನೋಡಿದರು. ಅಕ್ಕ ಒಳಗೆ ಬಂದು ಗೋಡೆಗೆ ಒರಗಿ ಅತ್ತರು. ನಾನೂ ಅತ್ತೆ.

ಮುಂದೆ ಒಮ್ಮೆ ಲಿಂಗಸುಗೂರಿಗೆ ಹೋದಾಗ ಕುತೂಹಲ ತಡೆಯಲಾರದೆ, ರವಿಕೆ ಬಟ್ಟೆಯ ನೆಪ ಮಾಡಿ ಮುಂಜಾನೆಯೇ ಅವರ ಅಂಗಡಿಯಲ್ಲಿ ಹೋಗಿ ಕೂತೆ. ಅಕ್ಕ ಕೊಡೆ ಹಿಡಿದು ಮುಂದೆ ಹಾದುಹೋದರು. ಗಿರಾಕಿಯೊಬ್ಬ ಕತ್ತು ಹೊರಳಿಸಿ ನೋಡಿದ. ಬಸಲಿಂಗಪ್ಪನವರು ಬಟ್ಟೆ ಅಳೆಯುವುದನ್ನು ನಿಲ್ಲಿಸಿ, "ನಮ್ಮ ಮನಿಯವ್ರು. ಸಾಲಿಗಿ ಹೊಂಟಾರ," ಎಂದರು. ಗಟ್ಟಿಯಾಗಿಯೇ ಎಂದರು.

ನಿನ್ನೆ ಅವಳಿಗೂ ಇದನ್ನೇ ಹೇಳಿದೆ, ಕೇಳಿ ಮೊಮ್ಮಗಳು ಸಿಟ್ಟು ಮರೆತು, "ಖರೇ ಅಂದ್ರ ಆ ರೀಲಿನ್ಯಾಗ ಏನಿತ್ತಜ್ಜಿ?" ಎಂದಳು. ಗೊತ್ತಿಲ್ಲ. ಬೇರೆ ಊರುಗಳಲ್ಲಿ ಜನ ಅದನ್ನು ಪೂರ್ತಿ ನೋಡಿಯೇ ಇರಬೇಕು. ಇಷ್ಟು ವರ್ಷ ನನಗೆ ತಿಳಿದುಕೊಳ್ಳಬೇಕೆಂದೇ ಅನಿಸಿರಲಿಲ್ಲ, ಈಗ ಅನಿಸಿದೆ. ಎಲ್ಲಾದರೂ ಸಿಗುತ್ತದೇನೋ ಹುಡುಕು ಎಂದಿದ್ದೇನೆ. ಪುಸ್ತಕದಲ್ಲಿ ಇದ್ದ ಹಾಗೆ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಆಕೆ ಬಾಗಿಲಲ್ಲಿ ನಿಂತು, ನಮ್ಮ ಶರಣಮ್ಮಕ್ಕ ಕೇಳಿದ್ದನ್ನು ಕೇಳದೇ ಹೋದರೆ, ಮೂಲಕ್ಕೆ ಮೋಸ ಮಾಡಿದ್ದಾರೆಂದು ನಾನೊಬ್ಬಳೇ ಎದ್ದು ನಿಂತು ಕೂಗುತ್ತೇನೆ.